ಗಾಳಿಕೋವಿಯ ಅರಗುಮುದ್ರೆ

“ಗುರುಗಳೇ, ನಾನು ಮಾಡಿದ ಕೆಲಸದ ಬಗ್ಗೆ ನಾನು ಹೆಮ್ಮೆ ಪಡುವುದು ತಪ್ಪೇ?” ಎಂದು ದಾನಮ್ಮ ಕೇಳಿದಳು.

ಹಾರ್ಮೋನಿಯಂ ಮಾಡುವ ಮಾನಪ್ಪನವರ ಬಳಿ ಅವಳು ಒಂಬತ್ತು ವರ್ಷದಿಂದ ಕೆಲಸ ಕಲಿಯುತ್ತಿದ್ದಳು. ಮೊದಲ ಸಲ ತಾನೊಬ್ಬಳೇ ಪೂರ್ತಿ ಮಾಡಿದ ಪೇಟಿಯ ಮುಚ್ಚಳದ ಸಂದಿನ ಮೇಲೆ ತನ್ನ ಹೆಸರಿನ ಹಿತ್ತಾಳೆ ಬಿಲ್ಲೆ ಹೊಡೆದು ಕೊಟ್ಟಿದ್ದಳು. ಅದನ್ನು ಕೊಂಡ ಗವಾಯಿಗಳು ಹಿಂದಕ್ಕೆ ಕಳಿಸಿದ್ದರು. ಒಂದೇ ಸ್ವರ ಹಿಡಿದು ನಿಂತರೆ ಅದು ನಡುಗುತ್ತದೆ ಎಂಬುದು ಅವರ ದೂರು. ದಾನಮ್ಮ ಸರಸರನೆ ನುಡಿಸಿ ನೋಡಿದಳು. ಯಾವ ಸ್ವರವೂ ನಡುಗಲಿಲ್ಲ. ‘ಪೇಟಿಯಲ್ಲಿ ದೋಷವಿಲ್ಲ’ ಎಂದು ಚೀಟಿ ಬರೆದು, ಅಂಟು ಹುಡುಕುತ್ತಿದ್ದಳು.

“ಚೀಟಿ ಆಮೇಲೆ ಅಂಟಿಸು ತಾಯಿ. ಇದನ್ನು ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಳಿಕೋವಿ ಮಾಡುವವನಿದ್ದ. ಅವನೂ ನಮ್ಮ ಹಾಗೆ ಗಾಳಿಯನ್ನು ನಂಬಿ ಬದುಕುವವನು. ಅವನ ಕೋವಿಯ ಸಿಲಿಂಡರಿನಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬಿಡಬೇಕು. ಅದರ ಮುಂದೆ ಒಂದು ರೆಗ್ಯುಲೇಟರ್. ಪ್ರತಿ ಗುಂಡಿಗೂ ಇಷ್ಟೇ ಒತ್ತಡದ ಗಾಳಿ ಎಂದು ಅಳೆದು ಬಿಟ್ಟು, ಬಾಯಿ ಮುಚ್ಚಿಕೊಳ್ಳುವುದು ಅದರ ಕೆಲಸ. ಆ ರೆಗ್ಯುಲೇಟರನ್ನು ಅವನು ತನ್ನ ಕೈಯಾರೆ ಮಾಡುತ್ತಿದ್ದ. ಅದರ ತಿರುಪಿನ ಮೇಲೆ ಕೆಂಪು ಅರಗು ಸುರಿದು ತನ್ನ ಮುದ್ರೆ ಒತ್ತುತ್ತಿದ್ದ. ಅರಗು ಒಡೆದವರ ಕೋವಿಯನ್ನು ಅವನು ಮತ್ತೆ ಮುಟ್ಟುತ್ತಿರಲಿಲ್ಲ.

ಒಂದು ದಿನ ಒಬ್ಬ ಗುರಿಗಾರ್ತಿ ಕೋವಿ ಹೊತ್ತು ಬಂದಳು. ಇನ್ನು ನಾಲ್ಕು ದಿನಕ್ಕೆ ರಾಜ್ಯದ ತಂಡದ ಆಯ್ಕೆಯಿತ್ತು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ.

“ಅಣ್ಣಾ, ಗುಂಡಿನ ವೇಗ ಒಂದೇ ಸಮ ಇಲ್ಲ. ಐವತ್ತು ಮೀಟರಿನಲ್ಲಿ ಒಂದು ನಡುವಿಗೆ ಬಿದ್ದರೆ ಇನ್ನೊಂದು ಬೆರಳಗಲ ಮೇಲೆ ಬೀಳುತ್ತದೆ” ಎಂದಳು.

ಅವನು ವೇಗ ಅಳೆಯುವ ಯಂತ್ರವನ್ನು ಮುಂದಿಟ್ಟು, ರೂಢಿಯಂತೆ ಮೊದಲ ಗುಂಡನ್ನು ಲೆಕ್ಕಕ್ಕೆ ಹಿಡಿಯದೆ, ಒಂದರ ಹಿಂದೊಂದು ಹತ್ತು ಗುಂಡು ಹೊಡೆದ. ಸೆಕೆಂಡಿಗೆ ಇನ್ನೂರ ನಲವತ್ತು ಮೀಟರ್. ಹತ್ತೂ ಹೆಚ್ಚುಕಡಿಮೆ ಅಷ್ಟೇ.

“ಕೋವಿ ಸರಿಯಾಗಿದೆ” ಎಂದ. ಆದರೂ ಅವಳು ಏಳಲಿಲ್ಲ. ಅವನು ಅವಳ ಸೀಸದ ಗುಂಡುಗಳನ್ನು ಒಂದೊಂದಾಗಿ ತೂಗಿದ. ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ನಳಿಗೆ ಒರೆಸಿದ. ಕೋವಿಯೊಳಗಿನ ಸುತ್ತಿಗೆಯ ಸ್ಪ್ರಿಂಗ್ ಬದಲಿಸಿದ. ಸೇರಿಕೆಗಳಿಗೆಲ್ಲ ಸೋಪಿನ ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಬೇರೆಯವರು ಮಾಡಿದ ಭಾಗಗಳನ್ನೆಲ್ಲ ಅವನು ಪರೀಕ್ಷಿಸಿದ. ಪ್ರತಿ ಸಲವೂ ಹಾಗೆಯೇ ಹತ್ತು ಗುಂಡು ಹೊಡೆದ. ಪ್ರತಿ ಸಲವೂ ಇನ್ನೂರ ನಲವತ್ತು. ಅವನ ಎದೆ ಉಬ್ಬುತ್ತಲೇ ಹೋಯಿತು. ಕೆಂಪು ಅರಗಿನ ಮೇಲೆ ಮಾತ್ರ ಅವನು ಬೆರಳಿಡಲಿಲ್ಲ.

“ಅಣ್ಣಾ, ನೀವು ಹಪ್ಪಳ ಕರಿದ ಹಾಗೆ ಒಂದರ ಹಿಂದೊಂದು ಹೊಡೆಯುತ್ತೀರಿ. ನಾನು ಹಾಗೆ ಹೊಡೆಯುವವಳಲ್ಲ. ಗಾಳಿ ನೋಡುತ್ತೇನೆ, ಉಸಿರು ಹಿಡಿಯುತ್ತೇನೆ, ಕಾಯುತ್ತೇನೆ” ಎಂದಳು ಅವಳು. ಆಗಷ್ಟೇ ಚಹಾ ಬಂದಿತ್ತು. ಲೋಟವನ್ನು ಅವನ ಮುಂದಕ್ಕೆ ತಳ್ಳಿದಳು. “ಇದನ್ನು ನಿಧಾನ ಕುಡಿಯಿರಿ. ಆಮೇಲೆ ಒಂದೇ ಒಂದು ಗುಂಡು ಹೊಡೆಯಿರಿ.”

ಅವನು ನಗುತ್ತಲೇ ಚಹಾ ಕುಡಿದ. ಲೋಟ ಕೆಳಗಿಟ್ಟು ಒಂದು ಗುಂಡು ಹೊಡೆದ. ಯಂತ್ರ ಇನ್ನೂರ ಐವತ್ತೆರಡು ತೋರಿಸಿತು.

ನಗು ನಿಂತಿತು. ಕೂಡಲೇ ಇನ್ನೊಂದು ಹೊಡೆದ. ಇನ್ನೂರ ನಲವತ್ತು. ಅವನೇ ಎದ್ದುಹೋಗಿ ಎರಡನೆಯ ಚಹಾ ತಂದು, ತಣ್ಣಗಾಗುವವರೆಗೆ ಕಾದು ಕುಡಿದ. ಮತ್ತೆ ಇನ್ನೂರ ಐವತ್ತೆರಡು.

ಇನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ರೆಗ್ಯುಲೇಟರ್ ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ. ಕಾದಷ್ಟೂ ಗಾಳಿ ಒಳಗೊಳಗೇ ಜಿನುಗಿ ಒತ್ತಡ ಏರುತ್ತಿತ್ತು. ಬೇಗ ಹೊಡೆಯುವವನಿಗೆ ಅದು ಕಾಣುವಂತಿರಲಿಲ್ಲ. ಇಷ್ಟು ವರ್ಷ ಅವನು ತನ್ನ ಕೋವಿಗಳನ್ನು ತನ್ನ ಆತುರದಲ್ಲೇ ಪರೀಕ್ಷಿಸಿದ್ದ.

ಚಾಕು ಕೈಗೆತ್ತಿಕೊಂಡು ಬಹಳ ಹೊತ್ತು ಕುಳಿತ. ಅವಳು ಅವನ ಕಡೆ ನೋಡದೆ, ಲೋಟ ತೊಳೆಯುವ ನೆವ ಮಾಡಿ ಹೊರಗೆ ಹೋದಳು. ಅವನು ಅರಗು ಒಡೆದ. ರೆಗ್ಯುಲೇಟರಿನ ಬಾಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಹಿತ್ತಾಳೆಯ ಚೂರು ಸಿಕ್ಕಿಕೊಂಡಿತ್ತು. ಅದು ಅವನೇ ಅರದಿಂದ ಉಜ್ಜುವಾಗ ಉದುರಿದ್ದು.

ಚೂರು ತೆಗೆದು, ಬಾಯಿ ಉಜ್ಜಿ ನುಣುಪು ಮಾಡಿದ. ಆ ದಿನ ಇಬ್ಬರೂ ಸೇರಿ ಏಳು ಲೋಟ ಚಹಾ ಕುಡಿದರು. ಪ್ರತಿ ಲೋಟಕ್ಕೂ ಒಂದು ಗುಂಡು. ಏಳೂ ಇನ್ನೂರ ನಲವತ್ತು. ಆಮೇಲೆ ಅವನು ಹೊಸ ಅರಗು ಕಾಯಿಸಿ ಮತ್ತೆ ತನ್ನ ಮುದ್ರೆಯನ್ನೇ ಒತ್ತಿದ. ಮೊದಲಿಗಿಂತ ಗಟ್ಟಿಯಾಗಿ ಒತ್ತಿದ.

ಅವಳು ತಂಡಕ್ಕೆ ಆಯ್ಕೆಯಾದಳು. ಕೋವಿ ಯಾರ ಕೈಕೆಲಸವೆಂದು ಅಲ್ಲಿದ್ದವರು ಕೇಳಿದರು. “ತಾನು ಮಾಡಿದ್ದನ್ನು ತಾನೇ ಬಿಚ್ಚಿ ನೋಡಿದವನೊಬ್ಬನಿದ್ದಾನೆ, ಅವನದು” ಎಂದು ಅವಳು ತಲೆಯೆತ್ತಿ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಪೇಟಿಯನ್ನು ಹತ್ತಿರ ಎಳೆದುಕೊಂಡು ಬಿಲ್ಲೆಯ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಒರೆಸಿದರು. ದಾನಮ್ಮನ ಕೈಯಲ್ಲಿ ಚೀಟಿ ಹಾಗೇ ಇತ್ತು.

“ಬಿಲ್ಲೆ ಚೆನ್ನಾಗಿದೆ ತಾಯಿ, ಕಿತ್ತು, ಒಳಗೆ ನೋಡಿ, ಮತ್ತೆ ಹೊಡೆ” ಎಂದರು.

ದಾನಮ್ಮ ಚೀಟಿಯನ್ನು ಪಕ್ಕಕ್ಕಿಟ್ಟು, ಬಿಲ್ಲೆ ಕೀಳಲು ಇಕ್ಕಳ ಎತ್ತಿಕೊಂಡಳು.