ಎರಡು ಬಿಕ್ಕಳಿಕೆಗೆ ತೆರೆಯುವ ಬೀಗ

ಒಂದಾನೊಂದು ಊರಿನಲ್ಲಿ ಒಂದು ಕೆರೆ ಇತ್ತು. ಅಲ್ಲ, ತಪ್ಪು ಹೇಳಿದೆ. ಒಂದಾನೊಂದು ಕೆರೆಗೆ ಒಂದು ಊರಿತ್ತು. ಕೆರೆ ಕಣ್ಣು ಹಾಯುವಷ್ಟು ದೂರ, ಊರು ಇಷ್ಟೇ ಇಷ್ಟು. ನೀವು ಹೂಂ ಅನ್ನುತ್ತಾ ಇರಿ. ಹೂಂ ನಿಂತರೆ ಕತೆ ನಿಲ್ಲುತ್ತದೆ. ನಿಂತದ್ದು ಎಷ್ಟು ಕೆಟ್ಟದ್ದು ಎಂದು ಹೇಳುವುದಕ್ಕೇ ಈ ಕತೆ.

ಆ ಊರಿನಲ್ಲಿ ಸಣ್ಣೀರವ್ವ ಎಂಬ ಹೆಂಗಸಿದ್ದಳು. ಗಂಡ ಸತ್ತ ಮೇಲೆ ಅವನ ಹುಟ್ಟು ಹಿಡಿದು ಹರಿಗೋಲು ನಡೆಸುತ್ತಿದ್ದಳು. ಹರಿಗೋಲಿಗೆ ಕಾಲಿಡುವ ಮೊದಲು ಎರಡು ಬೆರಳಲ್ಲಿ ನೀರು ಮುಟ್ಟುವಳು, ಎಡಗಣ್ಣಿಗೆ ಒತ್ತಿಕೊಳ್ಳುವಳು, ಆಮೇಲೆ ಬಲಗಣ್ಣಿಗೆ. ಊರವರೆಲ್ಲ ಬಲಗಣ್ಣು ಮೊದಲು ಅನ್ನುತ್ತಿದ್ದರು. ಅವಳು ಕೇಳುತ್ತಿರಲಿಲ್ಲ. ಹಟಮಾರಿ ಹೆಂಗಸು, ನನಗೆ ಅದಕ್ಕೇ ಇಷ್ಟ.

ಅವಳಿಗೆ ಒಬ್ಬಳೇ ಮಗಳು, ಹುಲಿಗೆವ್ವ. ಎರಡು ಸಲ ಬಸಿರಾಗಿ ಎರಡು ಸಲವೂ ಕೂಸು ಉಳಿದಿರಲಿಲ್ಲ. ಮೂರನೆಯ ಸಲ ದಿನ ತುಂಬಿಸಿಕೊಂಡು ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಅವಳಿಗೆ ಬೇನೆ ಶುರುವಾಯಿತು.

ಆ ಊರಿನಲ್ಲೊಂದು ಪದ್ಧತಿ. ಹೆಣ್ಣು ಹೆರಿಗೆಗೆ ಕೂತಳೆಂದರೆ ಊರಿನ ಬೀಗವೆಲ್ಲ ತೆಗೆಯಬೇಕು, ಗಂಟುಗಳನ್ನೆಲ್ಲ ಬಿಚ್ಚಬೇಕು. ಬಾಗಿಲ ಬೀಗ, ಪೆಟ್ಟಿಗೆಯ ಬೀಗ, ಎಮ್ಮೆಯ ಹಗ್ಗ, ಹೆಂಗಸರ ತುರುಬು. ಒಂದು ಬೀಗ ಉಳಿದರೂ ಕೂಸು ಒಳಗೇ ಉಳಿಯುತ್ತದೆ. ಹಾಗಾಗಿ ಊರವರು ಬೀಗ ತೆಗೆದರು, ಬೀಗದ ಕೈಗಳನ್ನೆಲ್ಲ ತಂದು ಸಣ್ಣೀರವ್ವನ ಅಂಗಳದಲ್ಲಿ ಗುಡ್ಡೆ ಹಾಕಿದರು. ಎಮ್ಮೆಗಳು ಬೀದಿಗೆ ಬಂದವು. ಎಲ್ಲರೂ ಕೂದಲು ಬಿಟ್ಟುಕೊಂಡು ಕೂತರು.

ಅದೇ ಹೊತ್ತಿಗೆ ಆ ಊರಿನ ದೊರೆ ಕೆರೆಯ ದಂಡೆಯಲ್ಲಿ ಅಳುತ್ತಾ ನಿಂತಿದ್ದ. ಅವನ ಮೀಸೆಯಲ್ಲಿ ಒಂದು ಬಿಳಿ ಕೂದಲು ಬಂದಿತ್ತು. ಒಂದೇ ಒಂದು. ಕಿತ್ತ. ಅಲ್ಲೇ ಇನ್ನೊಂದು ಬಂತು. ಕಿತ್ತ. ಮತ್ತೊಂದು.

ಆಗ ಕೆರೆಯ ನಡುವಿನಿಂದ ಒಂದು ನೀರಿನ ಸ್ಕೂಟರು ತಾನೇ ತಾನಾಗಿ ಬಂತು. ಮೇಲೆ ಯಾರೂ ಕೂತಿರಲಿಲ್ಲ. ಹಿಡಿಕೆಯಿಂದ ಒಂದು ಕೆಂಪು ದಾರ ನೀರಿನಲ್ಲಿ ಎಳೆದುಕೊಂಡು ಬರುತ್ತಿತ್ತು, ಯಾರದೋ ಕೈಯಿಂದ ಈಗಷ್ಟೇ ಜಾರಿದ ಹಾಗೆ. ಹಿಡಿಕೆಯ ನಡುವೆ ಅಂಗೈಯಗಲದ ಗಾಜಿನ ಫಲಕ ಬೆಳಗುತ್ತಿತ್ತು. ಅದರಲ್ಲಿ ಮೂರು ಸಂಗತಿ ಕಾಣುತ್ತಿದ್ದವು. ವೇಗ ಎಷ್ಟು, ಪೆಟ್ರೋಲು ಎಷ್ಟು, ಗಂಟೆ ಎಷ್ಟು.

ದೊರೆ ದಾರ ಎತ್ತಿ ಮಣಿಕಟ್ಟಿಗೆ ತೊಟ್ಟುಕೊಂಡ. ಗಂಟೆಯ ಅಂಕಿ ಒಂದು ಹೆಚ್ಚಾಯಿತು. ಮೀಸೆಯಲ್ಲಿ ಚುರ್ ಎಂದಿತು. ಮುಟ್ಟಿ ನೋಡಿದರೆ ಎರಡನೆಯ ಬಿಳಿ ಕೂದಲು.

"ಇದು ಯಾರ ಗಂಟಿ?" ಎಂದ ದೊರೆ.

"ದಾರ ತೊಟ್ಟವರ ಗಂಟೆ," ಎಂದಿತು ಫಲಕ. ಅದರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಇದನ್ನ ನಿಲ್ಲಿಸೋದು ಹೆಂಗ?"

"ಬೀಗ ಹಾಕಿದರೆ ನಿಲ್ಲುತ್ತದೆ. ಆಸನದ ಕೆಳಗೆ ರಿಮೋಟು ಇದೆ. ಒಂದು ಸಲ ಪೀಂ ಎಂದರೆ ಬೀಗ. ಬೆನ್ನಿಗೇ ಎರಡು ಸಲ ಪೀಂ ಪೀಂ ಎಂದರೆ ಬಿಡುಗಡೆ."

ರಿಮೋಟು ನೇರಳೆ ಹಣ್ಣಿನಷ್ಟಿತ್ತು. ದೊರೆ ದಾರ ಕಿತ್ತೆಸೆದು ಗುಂಡಿ ಒತ್ತಿದ. ಪೀಂ. ಫಲಕ ಕಪ್ಪಾಯಿತು. ಯಾರಾದರೂ ತೆಗೆದುಬಿಟ್ಟಾರು ಎಂದು ಹೆದರಿ ರಿಮೋಟನ್ನು ಬಾಯಿಗೆ ಹಾಕಿಕೊಂಡು ಗುಳುಂ ಎಂದು ನುಂಗಿಬಿಟ್ಟ. ದೊರೆಗಳಿಗೆ ತಿಜೋರಿ ಎಂದರೆ ಹೊಟ್ಟೆಯೇ ತಾನೆ.

ಗಂಟೆ ನಿಂತಿತು. ಸ್ಕೂಟರಿನ ಗಂಟೆ ಮಾತ್ರ ಅಲ್ಲ. ಸ್ಕೂಟರು ನೀರಿಗೆ ತಾಗಿತ್ತು, ನೀರು ದಂಡೆಗೆ ತಾಗಿತ್ತು, ದಂಡೆ ಊರಿಗೆ ತಾಗಿತ್ತು, ಊರು ಹೊತ್ತಿಗೆ ತಾಗಿತ್ತು. ಎಲ್ಲಕ್ಕೂ ಬೀಗ ಬಿತ್ತು. ನೆತ್ತಿಯ ಮೇಲಿನ ಸೂರ್ಯ ನೆತ್ತಿಯ ಮೇಲೇ ನಿಂತ. ನೆರಳುಗಳು ಅಂಗಾಲಿನ ಕೆಳಗೆ ಸಿಕ್ಕಿಕೊಂಡವು. ಕೆರೆಯಲ್ಲಿ ನೆಗೆದ ಮೀನೊಂದು ನೀರಿಗಿಂತ ಮೊಳ ಮೇಲೆ ಬಾಯಿ ತೆರೆದು ನಿಂತುಬಿಟ್ಟಿತು. ಮಧ್ಯಾಹ್ನವಾಯಿತು. ಆಮೇಲೂ ಮಧ್ಯಾಹ್ನವಾಯಿತು. ಅದರ ಆಮೇಲೂ ಮಧ್ಯಾಹ್ನವೇ.

ಊರವರಿಗೆ ಮೊದಮೊದಲು ಖುಷಿಯೇ. ಹಸಿವಿಲ್ಲ, ದಣಿವಿಲ್ಲ, ಹಾಲು ಒಡೆಯುವುದಿಲ್ಲ. ಆದರೆ ಹುಲಿಗೆವ್ವನ ಬೇನೆ ಅರ್ಧಕ್ಕೆ ನಿಂತಿತ್ತು. ಏರಿದ ಬೇನೆ ಇಳಿಯಲಿಲ್ಲ. ಹಲ್ಲು ಕಚ್ಚಿದವಳು ಕಚ್ಚಿಕೊಂಡೇ ಇದ್ದಳು.

"ಯವ್ವಾ, ಇದು ಹೋಗವಲ್ದು, ಬರವಲ್ದು," ಎಂದಳು ಮಗಳು.

ಸೂಲಗಿತ್ತಿ ಕೆಂಚವ್ವ ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು. "ಕೂಸು ಉಸಿರು ಹಿಡಕೊಂಡು ಕುಂತೈತಿ. ಎಲ್ಲೋ ಒಂದು ಬೀಗ ಉಳದೈತಿ ನೋಡು, ಸಣ್ಣೀರಿ. ಭಾಳ ಹೊತ್ತು ಹಿಂಗ ಇದ್ರ ಇಬ್ಬರೂ ಉಳಿಯೂದಿಲ್ಲ."

ಸಣ್ಣೀರವ್ವ ಮನೆಮನೆ ಹೊಕ್ಕು ಹುಡುಕಿದಳು. ಊರಲ್ಲಿ ಬೀಗ ಉಳಿದಿರಲಿಲ್ಲ. ಕೆರೆಗೆ ಬಂದಳು. ನೀರು ಕಾಲಿಗೆ ಗಟ್ಟಿಯಾಗಿ ಹತ್ತಿತು. ಅದರ ಮೇಲೆ ನಡೆದು ಸ್ಕೂಟರಿನ ಹತ್ತಿರ ಹೋದಳು. ಕಪ್ಪು ಫಲಕದ ಮೇಲೆ ಕೈಯಿಟ್ಟು ಇದೇನು ಎಂದು ಕೇಳಿದಳು.

"ಬೀಗ," ಎಂದಿತು ಫಲಕ. ಕಪ್ಪಾದ ಮೇಲೂ ಅದಕ್ಕೆ ಕಿವಿ ಕೇಳುತ್ತಿತ್ತು, ನೋಡಿ.

ಯಾರು ಹಾಕಿದ್ದು, ಯಾಕೆ ಹಾಕಿದ್ದು, ರಿಮೋಟು ಎಲ್ಲಿದೆ, ತೆರೆಯುವುದು ಹೇಗೆ, ಎಲ್ಲವನ್ನೂ ಫಲಕ ಹೇಳಿತು. ಆಮೇಲೆ ಯಾರೂ ಕೇಳದ ಒಂದು ಮಾತನ್ನೂ ಹೇಳಿತು.

"ತಡೆದ ಗಂಟೆಗಳು ಕಟ್ಟೆಯ ಹಿಂದಿನ ನೀರಿನ ಹಾಗೆ ತುಂಬುತ್ತಿವೆ. ಬೀಗ ತೆರೆದಾಗ ದಾರ ತೊಟ್ಟವರ ಮೇಲೆ ನುಗ್ಗುತ್ತವೆ."

"ಯಾರೂ ತೊಡದಿದ್ರ?"

"ಆ ಹೊತ್ತಿಗೆ ಹುಟ್ಟುವವರ ಮೇಲೆ."

ಸಣ್ಣೀರವ್ವ ಫಲಕದ ಹತ್ತಿರಕ್ಕೆ ಬಗ್ಗಿದಳು. "ಎಷ್ಟು ತುಂಬ್ಯಾವು?"

"ಒಂದು ಕೂಸು ಹುಟ್ಟಿ, ಬೆಳೆದು, ಮುದುಕಿಯಾಗುವ ದಾರಿಯಲ್ಲಿ ಅರ್ಧ."

ಅವಳಿಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಹೆದರಿಕೆಯಾಯಿತು. ಆದರೂ ದೊರೆಯ ವಾಡೆಗೆ ಹೋದಳು.

ದೊರೆ ಕನ್ನಡಿಯ ಮುಂದೆ ಕೂತು ಎರಡು ಬಿಳಿ ಕೂದಲನ್ನು ಎಣಿಸುತ್ತಿದ್ದ. ಎಣಿಸಿದಷ್ಟೂ ಎರಡೇ. ಸುಖವಾಗಿದ್ದ.

"ನನ್ನೊಡೆಯಾ, ಮಗಳು ಸಾಯಾಕತ್ತಾಳ. ಬೀಗ ತೆಗೀರಿ," ಎಂದಳು.

"ಸಾಯಾಕ ಗಂಟಿ ಬೇಕಲ್ಲವ್ವಾ. ಗಂಟಿ ಎಲ್ಲೈತಿ? ಯಾರೂ ಸಾಯೂದಿಲ್ಲ. ಹೋಗು," ಎಂದ ದೊರೆ. ಅಷ್ಟರಲ್ಲಿ ಅವನಿಗೆ ಬಿಕ್ಕಳಿಕೆ ಬಂತು. ಹೊಟ್ಟೆಯೊಳಗಿಂದ ಪೀಂ ಎಂದಿತು. ದೊರೆ ಎದೆ ಸವರಿಕೊಂಡ. "ಯಾರೋ ನೆನಸಾಕತ್ತಾರ ನೋಡು."

ಯಾರಾದರೂ ನೆನೆದರೆ ಬಿಕ್ಕಳಿಕೆ ಬರುತ್ತದೆ, ಅದು ನಿಮಗೂ ಗೊತ್ತು. ನೆನೆದವಳು ಯಾರೆಂದು ಸಣ್ಣೀರವ್ವನಿಗೂ ಗೊತ್ತಾಯಿತು. ಬೀಗ ಹಾಕಿದವನನ್ನು ಬೇನೆಯಲ್ಲಿ ಮಲಗಿದ ಮಗಳು ಬೈದುಕೊಂಡಿದ್ದಳು. ಒಬ್ಬರು ನೆನೆದರೆ ಒಂದು ಬಿಕ್ಕಳಿಕೆ. ಇಬ್ಬರು ನೆನೆದರೆ ಎರಡು.

ಓಡಿ ಬಂದು ಊರವರಿಗೆ ಹೇಳಿದಳು. "ನಾನು, ನನ್ನ ಮಗಳು, ನಾವಿಬ್ಬರೇ ದೊರಿನ್ನ ನೆನಸ್ತೀವಿ. ನೀವು ಯಾರೂ ನೆನಸಬ್ಯಾಡ್ರಿ."

ನೆನೆಯಬೇಡಿ ಎಂದರೆ ಯಾರು ಬಿಡುತ್ತಾರೆ ಹೇಳಿ. ಇಡೀ ಊರು ದೊರೆಯನ್ನು ನೆನೆಯಿತು. ವಾಡೆಯಿಂದ ಪೀಂ ಪೀಂ ಪೀಂ ಪೀಂ ಎಂದು ಕೇಳಿಸಿತು. ಬೀಗ ತೆರೆಯಿತು, ಮುಚ್ಚಿತು, ತೆರೆಯಿತು, ಮುಚ್ಚಿತು. ಸೂರ್ಯ ಕಲ್ಲಿಗೆ ಸಿಕ್ಕ ಗಾಡಿಯಂತೆ ಜಗ್ಗಿದ. ಗಾಳಿಯಲ್ಲಿದ್ದ ಮೀನು ಬೆರಳಷ್ಟು ಇಳಿದು ಮತ್ತೆ ನಿಂತಿತು. ಒಳಗೆ ಹುಲಿಗೆವ್ವ ತುಂಡು ತುಂಡಾಗಿ ಕಿರುಚಿದಳು. ಕೊನೆಗೆ ಬೀಗ ಮುಚ್ಚಿಯೇ ನಿಂತಿತು.

ಸಣ್ಣೀರವ್ವ ಅಂಗಳದಲ್ಲಿ ಕುಸಿದು ಕೂತಳು. ಕೂತಲ್ಲಿ ಕೈಗೆ ಹತ್ತಿದ್ದು ಬೀಗದ ಕೈಗಳ ಗುಡ್ಡೆ. ಅವಳು ಅದನ್ನು ನೋಡಿದಳು. ಆಮೇಲೆ ಎರಡೂ ಕೈ ಹಾಕಿ ಚೆನ್ನಾಗಿ ಕಲಸಿದಳು.

"ನಿಮ್ಮ ನಿಮ್ಮ ಬೀಗದ ಕೈ ಯಾವುದು, ಆರಿಸಿಕೊಳ್ರಿ," ಎಂದಳು.

ಮುಗಿಯಿತು. ಒಬ್ಬಳು ಒಂದನ್ನು ಎತ್ತಿ ಇದು ನನ್ನದು ಎಂದಳು. ಇನ್ನೊಬ್ಬ ಅಲ್ಲ ನನ್ನದು ಎಂದ. ಹಲ್ಲು ಸವೆದದ್ದು ಯಾರದು, ತುದಿ ಬಾಗಿದ್ದು ಯಾರದು. ಇಡೀ ಊರು ಗುಡ್ಡೆಯ ಸುತ್ತ ಬಗ್ಗಿತು. ದೊರೆಯನ್ನು ಮರೆಯಿತು, ದೇವರನ್ನು ಮರೆಯಿತು, ಎಮ್ಮೆಯನ್ನೂ ಮರೆಯಿತು.

ಸಣ್ಣೀರವ್ವ ಮಗಳ ಹಣೆ ಒರೆಸಿದಳು. "ನೀನು ಒಂದು ಸಲ ಚೀರು, ಚೀರೂವಾಗ ಅವನ್ನ ನೆನಸು. ದಂಡಿಗೆ ಕೇಳಿಸಬೇಕು."

"ನೀ ಎಲ್ಲಿಗೆ ಹೊಂಟಿ, ಯವ್ವಾ?"

"ಇಲ್ಲೇ. ಒಂದು ಸುತ್ತು ಹೋಗಿ ಬರ್ತೀನಿ."

ಸ್ಕೂಟರಿನ ಮೇಲೆ ಕೂತಳು. ಕೆಂಪು ದಾರವನ್ನು ಬಳೆಯ ಹಾಗೆ ಮಣಿಕಟ್ಟಿಗೆ ತೊಟ್ಟಳು. ಗಂಟು ಹಾಕಲಿಲ್ಲ, ಹೆರಿಗೆಯಲ್ಲಿ ಗಂಟು ಇರಕೂಡದಲ್ಲ. ಊರ ಕಡೆಯಿಂದ ಮಗಳ ಚೀರು ಬಂತು. ಅವಳೂ ದೊರೆಯನ್ನು ನೆನೆದಳು.

ಪೀಂ ಪೀಂ.

ಫಲಕ ಬೆಳಗಿತು. ಮೀನು ನೀರಿಗೆ ಬಿತ್ತು. ಸ್ಕೂಟರು ಹಾರಿತು. ವೇಗದ ಅಂಕಿ ಏರಿತು, ಪೆಟ್ರೋಲಿನ ಗೀಟುಗಳು ಒಂದೊಂದಾಗಿ ಕರಗಿದವು, ಗಂಟೆಯ ಅಂಕಿ ಕಣ್ಣಿಗೆ ಹಿಡಿಯದಂತೆ ಉರುಳಿತು. ಬಿಚ್ಚಿದ್ದ ಅವಳ ಕೂದಲು ಗಾಳಿಗೆ ಹಾರಿ ಮುಖಕ್ಕೆ ಬಡಿಯಿತು. ಮೊದಲು ಬಡಿದಾಗ ಕಪ್ಪಗಿತ್ತು, ಆಮೇಲೆ ಬೂದಿ, ಆಮೇಲೆ ಬೆಳ್ಳಗೆ. ಬಾಯಲ್ಲಿ ಹಲ್ಲು ಸಡಿಲವಾಯಿತು. ಬೆನ್ನು ಬಾಗಿತು. ಮಣಿಕಟ್ಟು ಬತ್ತಿ ಕಡ್ಡಿಯಾಯಿತು. ದಾರ ಜಾರತೊಡಗಿತು.

ದಾರ ಜಾರಿದರೆ ಸ್ಕೂಟರು ನಿಲ್ಲುತ್ತದೆ. ಉಳಿದ ಗಂಟೆಗಳು ಕೂಸಿನ ಮೇಲೆ ಹೋಗುತ್ತವೆ. ಗಂಟು ಹಾಕಿದರೆ ಕೂಸು ಹುಟ್ಟುವುದೇ ಇಲ್ಲ. ಸಣ್ಣೀರವ್ವ ದಾರವನ್ನು ಮುಷ್ಟಿಯಲ್ಲಿ ಹಿಡಿದಳು. ಮುದಿಕೈ, ಒದ್ದೆ ದಾರ. "ಇನ್ನೊಂದೀಟು, ಇನ್ನೊಂದೀಟು," ಎಂದು ಕೈಗೆ ಹೇಳಿಕೊಂಡಳು. ಕೈ ತನಗೆ ಆದಷ್ಟು ಹಿಡಿಯಿತು. ದಂಡೆಗೆ ಎರಡು ಮಾರು ದೂರವಿರುವಾಗ ದಾರ ಬಿಟ್ಟುಹೋಯಿತು. ಮೂರೇ ಮೂರು ಗಂಟೆ ಉಳಿದಿತ್ತು.

ಮನೆಯಲ್ಲಿ ಕೂಸು ಹುಟ್ಟಿತು. ಹೆಣ್ಣುಕೂಸು. ಅಳಲಿಲ್ಲ. ಕೆಂಚವ್ವ ಗಾಬರಿಯಾದಳು. ಆದರೆ ಅದು ಹುಟ್ಟುವಾಗಲೇ ಮೂರು ಗಂಟೆಯ ಕೂಸಾಗಿತ್ತು, ಅಳುವ ಕೆಲಸವನ್ನೆಲ್ಲ ಮುಗಿಸಿಕೊಂಡೇ ಬಂದಿತ್ತು. ಕಣ್ಣು ಬಿಟ್ಟು ಬಾಗಿಲ ಕಡೆ ನೋಡುತ್ತಿತ್ತು.

ಬಾಗಿಲಲ್ಲಿ ಒದ್ದೆ ಸೀರೆಯ ಮುದುಕಿಯೊಬ್ಬಳು ನಿಂತಿದ್ದಳು.

"ಯಾರಬೇ ಅಜ್ಜಿ?" ಎಂದಳು ಹುಲಿಗೆವ್ವ. "ನಮ್ಮವ್ವನ್ನ ಕಂಡ್ಯೇನು?"

ಮುದುಕಿಗೆ ಕೂಸು ಬದುಕಿದ್ದು ನೋಡಿ ಎಷ್ಟು ಸಂತೋಷವಾಯಿತೆಂದರೆ, ತನ್ನ ಹೆಸರು ಹೇಳಲು ಬಾಯಿ ಬರಲಿಲ್ಲ. "ಕೆರಿಯಾಗ ಅದಾಳ. ಬರ್ತಾಳ," ಎಂದಳು.

ಹುಲಿಗೆವ್ವ ಮೂರು ದಿನ ಬಾಗಿಲು ಕಾಯುತ್ತಾ ಮಲಗಿದಳು. ಮುದುಕಿ ಒಲೆ ಉರಿಸಿದಳು, ಬಾಣಂತಿಗೆ ಬಡಿಸಿದಳು. ನಾಲ್ಕನೆಯ ದಿನ ಕೂಸಿಗೆ ನೀರೆರೆಯಲು ಕಾಲು ಚಾಚಿ ಕೂತಳು. ಎರಡು ಬೆರಳಲ್ಲಿ ನೀರು ಮುಟ್ಟಿದಳು. ಎಡಗಣ್ಣಿಗೆ ಒತ್ತಿಕೊಂಡಳು, ಆಮೇಲೆ ಬಲಗಣ್ಣಿಗೆ.

"ಯವ್ವಾ," ಎಂದಳು ಹುಲಿಗೆವ್ವ. ಮೂರು ದಿನದ ಅಳು ಒಟ್ಟಿಗೇ ಬಂತು.

ಊರವರು ಇನ್ನೂ ಬೀಗದ ಕೈ ಆರಿಸುತ್ತಿದ್ದಾರಂತೆ. ದೊರೆ ವಾಡೆಯಲ್ಲಿ ಒಬ್ಬನೇ ಕೂತಿದ್ದಾನಂತೆ. ಅವನನ್ನು ನೆನೆಯುವವರಿಲ್ಲ, ಬಿಕ್ಕಳಿಕೆಯಿಲ್ಲ, ಹಾಗಾಗಿ ಬೀಗವೂ ಬಿದ್ದಿಲ್ಲ, ಗಂಟೆ ಓಡುತ್ತಿದೆ. ನೀತಿ ಏನೆಂದು ಕೇಳಬೇಡಿ. ನುಂಗುವ ಮೊದಲು ಅಗಿಯಿರಿ, ಅಷ್ಟೇ ನೀತಿ.

ಕತೆ ಅಲ್ಲಿ, ನಾವು ಇಲ್ಲಿ, ನಡುವೆ ಕೆರೆ ಅಲ್ಲಾಡುತ್ತಿರಲಿ. ಆದರೆ ಒಂದು ತಪ್ಪಾಗಿದೆ, ಈಗ ಹೊಳೆಯಿತು. ಈ ಕತೆ ಕೇಳುತ್ತಾ ನೀವು ದೊರೆಯನ್ನು ನೆನೆದುಬಿಟ್ಟಿರಿ. ಎಷ್ಟು ಜನ ಇದ್ದೀರಿ? ಒಬ್ಬರೇ ಇದ್ದರೆ ಒಂದೇ ಪೀಂ, ಬೇಗ ಎದ್ದು ಹೋಗಿ ಇನ್ನೊಬ್ಬರಿಗೆ ಹೇಳಿ. ಹೋಗುವಾಗ ನಿಮ್ಮ ನೆರಳು ಅಲುಗುತ್ತಿದೆಯೇ ಎಂದು ನೋಡಿಕೊಳ್ಳಿ.