ತಿಮಿಂಗಿಲ ಮರುನುಡಿದದ್ದು

ಹೊನ್ನಗುಡ್ಡದ ದೊರೆ ಡಂಗುರ ಹೊಡೆಸಿದ. ರಾಜಕುಮಾರಿ ಚೆನ್ನಾಂಬೆ ಮೂರು ಒಗಟು ಹೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದೊಂದನ್ನು ಕೊಡಲಾಗುವುದು. ತಪ್ಪಿದವನ ಕೊರಳಿಗೆ ಕಲ್ಲು ಕಟ್ಟಿ ಹುಣ್ಣಿಮೆಯಂದು ಕಡಲಿಗೆ ಎಸೆಯಲಾಗುವುದು. ಒಗಟು ಬಿಡಿಸುವ ತನಕ ಕೊಲ್ಲಿಗೆ ಯಾವ ದೋಣಿಯೂ ಇಳಿಯಕೂಡದು.

ಕಡೆಯ ಮಾತು ಬೆಸ್ತರಿಗೆ. ಕೊಲ್ಲಿಗೆ ಒಂದು ತಿಮಿಂಗಿಲ ಬಂದಿತ್ತು. ಚೆನ್ನಾಂಬೆ ದಿನವೂ ದೋಣಿಯಲ್ಲಿ ಕೂತು ಅದಕ್ಕೆ ವೀಣೆ ನುಡಿಸುತ್ತಿದ್ದಳು. ಅದು ಮರುನುಡಿಯಲಿಲ್ಲ. ಬೆಸ್ತರು ಮೀನಿಗಾಗಿ ದೋಣಿ ಬಡಿಯುವ ಸದ್ದಿಗೆ ಅದು ಹೆದರಿದೆ ಎಂದು ಅವಳು ತಿಳಿದಳು.

ಮೊದಲು ಆಸ್ಥಾನದ ಗಾಯಕ ತ್ರಿವಿಕ್ರಮ ಪಂಡಿತ ಬಂದ.

"ಬಾಯಿ ತೆರೆಯದೆ ಹಾಡುತ್ತಾನೆ. ಉಸಿರು ಬಿಟ್ಟರೆ ಹಾಡು ನಿಲ್ಲುತ್ತದೆ. ಯಾರು?" ಎಂದಳು ಚೆನ್ನಾಂಬೆ.

"ದುಂಬಿ."

"ದುಂಬಿಯ ಹಾಡು ರೆಕ್ಕೆಯದು. ಉಸಿರಿಗೂ ಅದಕ್ಕೂ ಏನು ಸಂಬಂಧ?"

ಪಂಡಿತನನ್ನು ಸೆರೆಗೆ ಹಾಕಿದರು.

ಆಮೇಲೆ ನೆರೆನಾಡಿನ ಅರಸುಮಗ ಮುದ್ದರಸ ಬಂದ. ತಿಮಿಂಗಿಲ ಎಂದು ಊಹಿಸಿ ಮೊದಲ ಒಗಟು ಗೆದ್ದ.

"ದಡದಲ್ಲಿ ನಿಂತವನಿಗೆ ಕೇಳದು, ಹತ್ತು ಹರಿದಾರಿ ಆಚೆ ಇರುವವನಿಗೆ ಕೇಳುತ್ತದೆ. ಯಾವ ವಾದ್ಯ?"

"ಶಂಖ!"

"ಅದು ದಡದವನ ಕಿವಿಯನ್ನೇ ಮೊದಲು ಒಡೆಯುತ್ತದೆ."

ಅವನೂ ಸೆರೆಗೆ ಹೋದ.

ಇಪ್ಪತ್ತು ದಿನ ಕಳೆಯಿತು. ಬೆಸ್ತರ ಕೇರಿಯಲ್ಲಿ ಒಲೆ ಉರಿಯಲಿಲ್ಲ. ಬೆಸ್ತ ಜಟ್ಟಿಯ ತಂಗಿ ಬಾಣಂತಿ. ಊಟವಿಲ್ಲದೆ ಅವಳ ಎದೆಹಾಲು ಬತ್ತಿತು. ಮಗು ಅಳುವುದನ್ನೂ ಬಿಟ್ಟಿತು. ಜಟ್ಟಿ ಎದ್ದು ಹೆಗಲಿಗೆ ಬಟ್ಟೆ ಹಾಕಿಕೊಂಡ.

"ಅಣ್ಣಾ, ದೊಡ್ಡವರೇ ಸೋತಿದ್ದಾರೆ," ಎಂದಳು ತಂಗಿ.

"ಸೋಲಲಿ. ಅವರು ದೋಣಿ ಬಡಿದವರಲ್ಲ."

ಅರಮನೆಯ ಕಾವಲುಗಾರ ತಡೆದ. "ಮೀನು ಹಿಂಬಾಗಿಲಿಗೆ."

"ಮೀನು ಎಲ್ಲಿದೆ ಮಾರಾಯ? ಒಗಟಿಗೆ ಬಂದೆ."

ಚೆನ್ನಾಂಬೆ ಮೊದಲನೆಯದನ್ನು ಕೇಳಿದಳು.

"ತಿಮಿಂಗಿಲ ಅಮ್ಮಾ. ಅದು ಹಾಡುವಾಗ ನೀರಿನ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ. ಉಸಿರಿಗೆ ಮೇಲೆ ಬಂದಾಗ ಹಾಡು ಇರುವುದಿಲ್ಲ."

"ಎರಡನೆಯದು?"

"ದೋಣಿಯ ತಳದ ಹಲಗೆ. ಹಿಮ್ಮಡಿಯಿಂದ ಮೆಲ್ಲಗೆ ಉಜ್ಜಿದರೆ ದಡಕ್ಕೆ ಕೇಳುವುದಿಲ್ಲ. ನೀರಿನೊಳಗೆ ಬಲು ದೂರ ಹೋಗುತ್ತದೆ."

ಎರಡೂ ಸರಿ. ಚೆನ್ನಾಂಬೆಯ ದನಿ ತಗ್ಗಿತು.

"ನಾನು ಒಂದು ಜೀವಕ್ಕೆ ದಿನವೂ ನುಡಿಸಿದೆ. ದೋಣಿಗಳನ್ನು ತಡೆದೆ. ಆದರೂ ಅದು ನನಗೆ ಮರುನುಡಿಯಲಿಲ್ಲ. ತಪ್ಪು ಯಾರದು? ಇದರ ಉತ್ತರ ನನಗೂ ಗೊತ್ತಿಲ್ಲ."

"ನಿಮ್ಮದು ಅಮ್ಮಾ."

ದೊರೆ ಎದ್ದು ನಿಂತ. "ಕಲ್ಲು ತನ್ನಿ!"

"ತರಲಿ ಒಡೆಯಾ. ದೋಣಿಯಲ್ಲೇ ಇಟ್ಟುಕೊಳ್ಳುತ್ತೇನೆ. ತಪ್ಪಿದರೆ ಅಲ್ಲೇ ಕಟ್ಟಿ. ಒಮ್ಮೆ ಕೊಲ್ಲಿಗೆ ಬನ್ನಿ."

ಕಲ್ಲನ್ನೂ ವೀಣೆಯನ್ನೂ ಹೇರಿಕೊಂಡು ಮೂವರೂ ಹೋದರು. ಜಟ್ಟಿ ಹುಟ್ಟು ಹಾಕಿದ. ಕೊಲ್ಲಿಯ ನಡುವೆ ನಿಲ್ಲಿಸಿ, ವೀಣೆಯ ಬುರುಡೆಯನ್ನು ತಳದ ಹಲಗೆಗೆ ತಾಗಿಸಿಡಲು ಹೇಳಿದ.

"ಈಗ ಮೂರು ಸ್ವರ. ಅಷ್ಟೇ."

ಅವಳು ಮೂರು ಸ್ವರ ನುಡಿಸಿದಳು. ಏನೂ ಆಗಲಿಲ್ಲ. ಬೆರಳು ಮತ್ತೆ ತಂತಿಗೆ ಹೋಯಿತು.

"ಬೇಡ ಅಮ್ಮಾ. ನೀವು ಬಿಡುವೇ ಕೊಡುವುದಿಲ್ಲ. ದಡದಿಂದ ದಿನವೂ ಕೇಳಿದ್ದೇನೆ. ನಾವು ಡಾಲ್ಫಿನ್‌ಗಳಿಗೆ ಮೂರು ಪೆಟ್ಟು ಹಾಕಿ ಕಾಯುತ್ತೇವೆ. ಮೀನು ಎತ್ತ ಇದೆ ಅಂತ ಅವು ಹೇಳುತ್ತವೆ. ಬಡಿಯುತ್ತಲೇ ಇದ್ದರೆ ಹೊರಟುಹೋಗುತ್ತವೆ. ಅವುಗಳ ಸರದಿ ಅವಕ್ಕೆ ಬಿಡಬೇಕು."

ಅವಳು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಹಳ ಹೊತ್ತಾಯಿತು. ದೊರೆ ಕಲ್ಲನ್ನು ನೋಡಿದ. ಜಟ್ಟಿಯೂ ನೋಡಿದ.

ಮೊದಲು ಡಾಲ್ಫಿನ್‌ಗಳು ಬಂದವು. ದೋಣಿಯ ಸುತ್ತ ಸಿಳ್ಳೆ, ಟಕಟಕ. ಚೆನ್ನಾಂಬೆ ಕದಲಲಿಲ್ಲ. ಆಮೇಲೆ ಹಲಗೆ ನಡುಗಿತು. ಆ ನಡುಕ ಅಂಗಾಲಿನಿಂದ ಮೊಣಕಾಲಿಗೆ ಏರಿತು. ಆಳದಿಂದ ಒಂದು ದನಿ, ಮೇಲಕ್ಕೆ ಎದ್ದು, ಇಳಿದು, ನಿಂತಿತು.

"ಈಗ ನಿಮ್ಮ ಸರದಿ," ಎಂದ ಜಟ್ಟಿ.

ಅವಳು ನುಡಿಸಿದಳು, ನಿಲ್ಲಿಸಿದಳು. ಅದು ಹಾಡಿತು. ಹೊತ್ತು ಇಳಿಯುವ ತನಕ ಹೀಗೇ ನಡೆಯಿತು. ದೊರೆ ಕಲ್ಲನ್ನು ತಾನೇ ಎತ್ತಿ ನೀರಿಗೆ ಬಿಟ್ಟ.

"ಏನು ಬೇಕು, ಕೇಳು."

"ಒಗಟು ಮುಗಿಯಿತು, ಕೊಲ್ಲಿ ಹೇಗೂ ತೆರೆಯಿತು. ಸೆರೆಯಲ್ಲಿರುವ ಇಬ್ಬರನ್ನು ಬಿಡಿ."

"ನಿನಗೆ?"

"ಕೊಡುವುದು ಕೇಳಿದ್ದೊಂದೇ ಅಲ್ಲವಾ ಒಡೆಯಾ?"

"ಅದು ಅಪ್ಪನ ಮಾತು," ಎಂದಳು ಚೆನ್ನಾಂಬೆ. "ನಾನು ಕೊಡುವುದು ಬೇರೆ."

ಪಂಡಿತನೂ ಮುದ್ದರಸನೂ ಆ ಸಂಜೆಯೇ ಹೊರಬಂದರು. ಬೆಸ್ತರ ಕೇರಿಗೆ ಅರಮನೆಯಿಂದ ಅಕ್ಕಿ ಹೋಯಿತು. ಚೆನ್ನಾಂಬೆ ತನ್ನ ದೋಣಿಯನ್ನು ಜಟ್ಟಿಗೆ ಕೊಟ್ಟಳು. ಮರುದಿನ ಬೆಳಿಗ್ಗೆ ನಲವತ್ತು ದೋಣಿಗಳು ಕೊಲ್ಲಿಗೆ ಇಳಿದವು.