ಅಧ್ಯಕ್ಷರ ಕಾಯಿಲೆ ಹೊತ್ತ ಡ್ರೈವರು

ಪುರಸಭೆ ಅಧ್ಯಕ್ಷ ರುದ್ರಮುನಿಯಪ್ಪನವರಿಗೆ ಮೈಯಲ್ಲಿ ಏನೋ ಒಂಥರಾ ಆಗುತ್ತಿತ್ತು. ಉಂಡರೆ ಎದೆ ಉರಿ, ಕೂತರೆ ಕಾಲು ಜೋಮು, ಸಭೆಯಲ್ಲಿ ಯಾರಾದರೂ ನಲ್ಲಿ ನೀರಿನ ಮಾತೆತ್ತಿದರೆ ತಲೆಸುತ್ತು. ತೋರಿಸಬೇಕಾದ್ದು ಹೊಟ್ಟೆ ಡಾಕ್ಟರಿಗೋ, ನರದ ಡಾಕ್ಟರಿಗೋ, ತಲೆ ಡಾಕ್ಟರಿಗೋ ತಿಳಿಯದು. ಹೋಗಿ ಕೇಳೋಣವೆಂದರೆ ಚುನಾವಣೆ ಹತ್ತಿರ. ಕಾಯಿಲೆಯವನಿಗೆ ಯಾರು ಓಟು ಹಾಕುತ್ತಾರೆ?

ಡ್ರೈವರನ್ನು ಕರೆದರು. "ನನ್ನ ಕಾಯಿಲೆಯನ್ನೆಲ್ಲ ನಿಂದೇ ಅಂತ ಸರ್ಕಾರಿ ಆಸ್ಪತ್ರೇಲಿ ಹೇಳು. ಯಾವ ಡಾಕ್ಟರಿಗೆ ತೋರಿಸ್ಬೇಕು ಅಂತ ತಿಳ್ಕೊಂಡು ಬಾ. ನನ್ನ ಹೆಸರು ಎತ್ತಿದ್ಯೋ, ನಾಳೆಯಿಂದ ಕೆಲಸಕ್ಕೆ ಬರ್ಬೇಡ!"

ಡ್ರೈವರು ಹೋದ, ಹೇಳಿದ, ಬಂದ. ಬಂದವನು ನೇರವಾಗಿ ಅಧ್ಯಕ್ಷರ ಉಯ್ಯಾಲೆ ಮೇಲೆ ಕಾಲು ಚಾಚಿ ಮಲಗಿಬಿಟ್ಟ.

"ಏಯ್, ಏನೋ ಇದು?"

"ಡಾಕ್ಟರು ಪೂರ್ತಿ ವಿಶ್ರಾಂತಿ ತಗೋ ಅಂದಿದ್ದಾರೆ ಸ್ವಾಮಿ. ಗಾಡಿ ಮುಟ್ಟಂಗಿಲ್ವಂತೆ. ಬೆಳಿಗ್ಗೆ ಸಂಜೆ ಎಳನೀರು ಕುಡೀಬೇಕಂತೆ."

"ಅದು ನನ್ನ ವಿಶ್ರಾಂತಿ ಕಣೋ, ಏಳೋ ಮೇಲೆ!"

"ಕಾಯಿಲೆ ನಂದು ಅಂತ ನೀವೇ ಹೇಳಿ ಕಳಿಸಿದ್ರಲ್ಲ ಸ್ವಾಮಿ."

ಕೂಗಾಟ ಕೇಳಿ ಬೀದಿಯ ಜನ ಬಾಗಿಲಿಗೆ ಬಂದರು. "ಏನಾಯ್ತು ಅಧ್ಯಕ್ಷರೇ, ಯಾರಿಗೆ ಹುಷಾರಿಲ್ಲ?"

ಅಧ್ಯಕ್ಷರು ಹಲ್ಲು ಕಿರಿದರು. "ಪಾಪ, ನಮ್ಮ ಡ್ರೈವರಿಗೆ. ಮನೆ ಮಗ ಇದ್ದ ಹಾಗೆ."

ಅಷ್ಟು ಹೇಳಿದ ಮೇಲೆ ಸುಮ್ಮನಿರಲಾದೀತೇ? ಎಳನೀರು ಕೆತ್ತಿಸಿ ತಂದು ತಾವೇ ಕುಡಿಸಿದರು. ಜನ ಮೆಚ್ಚಿ ತಲೆದೂಗಿದರು.

ಕುಡಿಸುವ ನೆಪದಲ್ಲಿ ಬಗ್ಗಿ, ಹಲ್ಲು ಕಡಿಯುತ್ತ ಅವನ ಕಿವಿಯಲ್ಲಿ ಪಿಸುಗುಟ್ಟಿದರು: "ಯಾವ ಡಾಕ್ಟರಿಗೆ ತೋರಿಸ್ಬೇಕಂತೆ? ಅದನ್ನಾದ್ರೂ ಬೊಗಳೋ!"

ಡ್ರೈವರು ಎಳನೀರು ಪಕ್ಕಕ್ಕಿಟ್ಟು, ಇಡೀ ಬೀದಿಗೆ ಕೇಳುವಂತೆ ಕೇಳಿದ:

"ಯಾರ ಕಾಯಿಲೆಗೆ, ಸ್ವಾಮಿ?"